ಸವೆದ ಮುಖದ ಲಕ್ಷ್ಮಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ ಮಧ್ಯಾಹ್ನ. ಊರ್ಡಿಗೆರೆಯ ನಮ್ಮ ಹಳೆಯ ಮನೆಯ ಹಿತ್ತಿಲು. ದೇವರಾಯನದುರ್ಗದ ನೆತ್ತಿ ಶ್ರಾವಣದ ಮೋಡದೊಳಗೆ ಅರ್ಧ ಮುಳುಗಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ದೊಡ್ಡಮ್ಮ ಕೂತಿದ್ದಳು. ಮುಂದೆ ದೀಪದ ಕಂಬ ಎರಡು, ಆರತಿ ತಟ್ಟೆ, ಗಂಟೆ, ಪಂಚಪಾತ್ರೆ, ನೆನೆಹಾಕಿದ ಹುಣಸೆಹಣ್ಣಿನ ಬಟ್ಟಲು. ಮಡಿಲ ಮೇಲೆ ಮುಕ್ಕಾಲು ಗೇಣಿನ ಹಿತ್ತಾಳೆ ಲಕ್ಷ್ಮಿ. ಎಣ್ಣೆ ಹಚ್ಚಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಾರಲ್ಲ, ಹಾಗೆ ಮಲಗಿಸಿಕೊಂಡಿದ್ದಳು.

ಜಗಲಿಯ ಮೇಲೆ ಇಬ್ಬರು ಕಾಫಿ ಕುಡಿಯುತ್ತಿದ್ದರು. ಒಬ್ಬರು ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು, ಲಿಂಗಧಾರಿಗಳು. ಇನ್ನೊಬ್ಬರು ನಾಗಮಂಗಲದ ಕಡೆಯ ಎರಕದ ಆಚಾರ್ರು, ಹತ್ತಿರದ ಗುಡಿಯೊಂದರ ಪ್ರಭಾವಳಿ ಬಿರುಕು ಬಿಟ್ಟಿದ್ದಕ್ಕೆ ಕುಣಿಗಲ್ ಮೇಲಿಂದ ಬಂದವರು. ನಾನು ಬೆಂಗಳೂರಿನಿಂದ ಒಂದು ಡಬ್ಬ ತಂದಿದ್ದೆ. ಅಂದಿನ ಮಾತನ್ನು ನೆನಪಿರುವಷ್ಟು ಹಾಗೇ ಬರೆದಿದ್ದೇನೆ.

ನಾನು: ದೊಡ್ಡಮ್ಮ, ಈ ಡಬ್ಬ ಬಿಚ್ಚಿ ನೋಡು. ಹೊಸ ಲಕ್ಷ್ಮಿ. ನಾಳೆ ಹಬ್ಬಕ್ಕೆ ಇದನ್ನೇ ಇಡೋಣ.

ದೊಡ್ಡಮ್ಮ: ಲಕ್ಷಣವಾಗವ್ಳೆ ಕಣಪ್ಪ. ಇವಳ ಪಕ್ಕ ಇಟ್ರಾಯ್ತು.

ನಾನು: ಪಕ್ಕ ಅಲ್ಲ, ಬದಲಿಗೆ. ಇವಳ ಮುಖ ನೋಡು. ಮೂಗಿಲ್ಲ, ತುಟಿಯಿಲ್ಲ. ಕೈಲಿರೋ ಕಮಲ ಗುಂಡುಗಲ್ಲಾಗಿದೆ. ಬಂದವರು ಇದು ಯಾವ ದೇವರು ಅಂತ ಕೇಳ್ತಾರೆ. ಹಳೇದು ಕೊಟ್ರೆ ತೂಕಕ್ಕೆ ಹಾಕ್ಕೊಂಡು ದುಡ್ಡು ಮುರ್ಕೋತೀವಿ ಅಂತ ಅಂಗಡಿಯವರು ಹೇಳಿದಾರೆ.

ದೊಡ್ಡಮ್ಮ: ಯಾವ ಹಳೇದು?

ನಾನು: ಇದೇ, ನಿನ್ನ ಮಡಿಲಲ್ಲಿರೋದು.

ದೊಡ್ಡಮ್ಮ ಉತ್ತರ ಕೊಡಲಿಲ್ಲ. ತೆಂಗಿನ ನಾರು ಹುಣಸೆ ರಸದಲ್ಲಿ ಅದ್ದಿ ಲಕ್ಷ್ಮಿಯ ಬೆನ್ನು ಉಜ್ಜತೊಡಗಿದಳು. ಕಿಲುಬು ಕರಗಿ ಹಸಿರುಗಪ್ಪು ನೀರು ಅವಳ ಮೊಣಕೈಯಿಂದ ಇಳಿಯುತ್ತಿತ್ತು. ಪೀತಾಂಬರಿ ಪುಡಿಯ ಪೊಟ್ಟಣ ಕಿಟಕಿಯಲ್ಲಿ ಒಡೆಯದೆ ಕೂತಿತ್ತು, ಹೋದ ವರ್ಷ ನಾನೇ ತಂದುಕೊಟ್ಟದ್ದು. ತುಮಕೂರು ಹುಣಸೆಯ ಸೀಮೆ. ಇಲ್ಲಿಯ ಮಾರುಕಟ್ಟೆಗೆ ಮೂಟೆಗಟ್ಟಲೆ ಹುಣಸೆ ಬರುತ್ತದೆ. ಇಲ್ಲಿಯ ಹೆಂಗಸರಿಗೆ ಹಿತ್ತಾಳೆಗೆ ಬೇರೆ ಔಷಧಿ ಬೇಕಿಲ್ಲ. ಆ ಹುಳಿ ಮೇಲಿನ ಮಂಕನ್ನು ಕರಗಿಸುತ್ತದೆ, ನಾರು ಅದನ್ನು ಎತ್ತುತ್ತದೆ. ಎತ್ತುವಾಗ ಕೂದಲೆಳೆಗಿಂತ ತೆಳುವಾಗಿ ಲೋಹವೂ ಒಂದಿಷ್ಟು ಹೋಗುತ್ತದೆ.

ಆಚಾರ್ರು: ಅಮ್ಮ, ಒಂದು ಗಳಿಗೆ ಇತ್ಲಾಗೆ ಕೊಡ್ತೀರಾ?

ಅವರು ಎರಡೂ ಕೈ ಒಡ್ಡಿ ತೆಗೆದುಕೊಂಡರು. ಪೀಠವನ್ನು ತಲೆಕೆಳಗು ಮಾಡಿ ನೋಡಿದರು, ಬೆರಳುಗೆಣ್ಣಿನಿಂದ ಮೆಲ್ಲಗೆ ಬಡಿದು ಕೇಳಿದರು.

ಆಚಾರ್ರು: ಗಟ್ಟಿ ಎರಕ. ಮೇಣದ್ದು. ನಮ್ಮ ಕಡೆಯ ಕೈಯೇ ಸ್ವಾಮಿ ಇದು. ಪೀಠದ ಅಂಚು ಹೀಗೆ ಮಡಿಸೋದು ನಮ್ಮ ಹಿರೀಕರ ರೂಢಿ.

ನಾನು: ಹೊಸದಕ್ಕೂ ಇದಕ್ಕೂ ಏನು ವ್ಯತ್ಯಾಸ ಆಚಾರ್ರೇ? ಅದೂ ಹಿತ್ತಾಳೆಯೇ ತಾನೇ?

ಆಚಾರ್ರು: ಹಿತ್ತಾಳೆಯೇ. ಉತ್ತರದ ಅಲಿಗಢದ ಕಡೇದಿರಬೇಕು, ಹಿತ್ತಾಳೆ ದೇವರು ಅಲ್ಲಿಂದ ದೇಶಕ್ಕೆಲ್ಲ ಬರ್ತವೆ. ಇದು ಮರಳಚ್ಚು. ಪಕ್ಕದಲ್ಲಿ ಗೆರೆ ನೋಡಿ, ಎರಡು ಹೋಳು ಕೂಡಿದ ಜಾಗ. ಒಂದು ಮಾದರಿಯಿಂದ ಸಾವಿರ ಹೊಯ್ಯಬಹುದು. ಅವರೂ ಬೆಂಕಿ ಮುಂದೆ ಕೂತ ಜನವೇ, ನಾನು ಕೀಳು ಅನ್ನಲ್ಲ. ಆದರೆ ನಿಮ್ಮ ದೊಡ್ಡಮ್ಮನ ದೇವಿಗೆ ಅಚ್ಚು ಇಲ್ಲ. ಮೊದಲು ಮೇಣದಲ್ಲಿ ಬೊಂಬೆ ಮಾಡ್ತೀವಿ. ಜೇನುಮೇಣಕ್ಕೆ ರಾಳ ಬೆರೆಸಿ ಹದ ಮಾಡಿ, ಕಣ್ಣು ಮೂಗು ಸರ ಸೀರೆ ನೆರಿಗೆ ಎಲ್ಲ ಅದರಲ್ಲೇ. ಅದರ ಮೇಲೆ ನುಣ್ಣನೆ ಮಣ್ಣು ಬಳೀತೀವಿ, ಒಣಗಿದ ಮೇಲೆ ಇನ್ನೊಂದು ಪದರ, ಆಮೇಲೆ ಒರಟು ಮಣ್ಣು. ನೆರಳಲ್ಲೇ ಒಣಗಬೇಕು, ಬಿಸಿಲು ಕಂಡರೆ ಬಿರೀತದೆ. ಆಮೇಲೆ ಕಾಯಿಸಿದರೆ ಮೇಣ ಕರಗಿ ತೂತಿನಿಂದ ಹರಿದು ಹೋಗ್ತದೆ. ಒಳಗೆ ಖಾಲಿ. ಆ ಖಾಲಿಗೆ ಲೋಹ ಹೊಯ್ಯೋದು.

ಮೇಷ್ಟ್ರು: ಹೊಯ್ದ ಮೇಲೆ ಮಣ್ಣು ಒಡೀಬೇಕು.

ಆಚಾರ್ರು: ಒಡೆದರೇ ದೇವಿ ಆಚೆ ಬರೋದು. ಹಾಗಾಗಿ ಮೇಣವೂ ಇಲ್ಲ, ಮಣ್ಣೂ ಇಲ್ಲ. ಇವಳಿಗೆ ಜೊತೆಗಾತಿ ಲೋಕದಲ್ಲಿಲ್ಲ.

ಮೇಷ್ಟ್ರು: ಈ ವಿದ್ಯೆ ನಮ್ಮ ನೆಲದಲ್ಲಿ ಬಹಳ ಹಳೇದಪ್ಪ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಬರೆಸಿದನಲ್ಲ, ಅದರಲ್ಲಿ ಈ ಮೇಣದ ಎರಕದ ಕ್ರಮ ಪೂರ್ತಿ ಇದೆ. ಮೇಣದ ತೂಕ ನೋಡಿಕೊಂಡು ಲೋಹದ ತೂಕ ಗೊತ್ತುಮಾಡೋದೂ ಸಹ.

ಆಚಾರ್ರು: ನಾವು ಓದಿಲ್ಲ ಸ್ವಾಮಿ. ಆದರೆ ಇವತ್ತಿಗೂ ಮೇಣ ತೂಗಿಯೇ ಲೋಹ ತೆಗೆಯೋದು.

ಮೇಷ್ಟ್ರು: ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರಿನಲ್ಲಿ ಹಿತ್ತಾಳೆ ತಾಮ್ರದ ಕೆಲಸಕ್ಕೆ ಎರಡು ಊರು ಹೆಸರಿಸಿದಾರೆ: ಶ್ರವಣಬೆಳಗೊಳ, ನಮ್ಮ ತುಮಕೂರು ಸೀಮೆಯ ಸೀತಕಲ್ಲು. ಜೈನ ಬೋಗಾರರ ಕೈಲಿದ್ದ ಕಸುಬು. ದೀಪಸ್ತಂಭ, ವಾದ್ಯ, ದೇವರ ವಿಗ್ರಹ ಎಲ್ಲ ಹಿತ್ತಾಳೆಯಲ್ಲಿ ಆಗುತ್ತಿತ್ತು ಅಂತ ಬರೆದಿದಾರೆ. ಆ ಕಾಲದ ಈ ಸೀಮೆಯ ಒಕ್ಕಲು ಮನೆಯಲ್ಲಿ ಬಂಗಾರ ಎಲ್ಲಿಂದ ಬರಬೇಕು? ಉಜ್ಜಿದರೆ ಬಂಗಾರದ ಹಾಗೆ ಕಾಣೋದು ಇದೊಂದೇ. ನಮ್ಮ ಭಾಷೆಯೋ, ಹಿತ್ತಾಳೆ ಕಿವಿ ಅಂತ ಬೈಯೋದಕ್ಕೆ ಮಾತ್ರ ಇದರ ಹೆಸರು ಬಳಸಿಕೊಂಡಿದೆ. ಆ ಮಾತು ಹಿತ್ತಾಳೆಗೆ ನ್ಯಾಯವಲ್ಲ ಅಂತ ನನಗೆ ಯಾವಾಗಲೂ ಅನ್ನಿಸ್ತದೆ.

ನಾನು: ಎಲ್ಲ ಒಪ್ಪಿದೆ. ಚರಿತ್ರೆ ಇದೆ, ಕುಶಲತೆ ಇದೆ. ಆದರೆ ನಾನು ಕೇಳ್ತಿರೋದು ಬೇರೆ. ಇದು ತಾಮ್ರ ಮತ್ತು ಸತುವಿನ ಬೆರಕೆ. ನಾಳೆ ಇದರ ಮುಂದೆ ಕೈ ಮುಗೀತೀವಿ. ತಾಮ್ರಕ್ಕೆ ಕೈ ಮುಗೀತೀವೋ, ರೂಪಕ್ಕೆ ಮುಗೀತೀವೋ? ತಾಮ್ರಕ್ಕೆ ಅಂದ್ರೆ ತಂಬಿಗೆಗೂ ಮುಗೀಬೇಕು. ರೂಪಕ್ಕೆ ಅಂದ್ರೆ ಇದರಲ್ಲಿ ರೂಪವೇ ಉಳಿದಿಲ್ಲ. ಎರಡೂ ಅಲ್ಲದಿದ್ರೆ ಹೊಸದನ್ನ ಇಟ್ಟರೆ ಏನು ತಪ್ಪು?

ದೊಡ್ಡಮ್ಮ: ತಂಬಿಗೆಗೂ ಮುಗೀತೀವಿ. ನಾಳೆ ಕಳಸ ಅಂತ ಕೂರಿಸೋದು ಏನು ಮತ್ತೆ? ತಂಬಿಗೆಯೇ ಅಲ್ವಾ?

ನಾನು: ಅದಕ್ಕೆ ಆವಾಹನೆ ಮಾಡ್ತೀವಿ. ದೇವಿ ಬರ್ತಾಳೆ ಅಂತ. ಪೂಜೆ ಮುಗಿದ ಮೇಲೆ ಕಳಸ ಕದಲಿಸ್ತೀವಿ, ಹೋದಳು. ಆಮೇಲೆ ಅದೇ ತಂಬಿಗೆಯಲ್ಲಿ ನೀರು ಕುಡೀತೀವಿ.

ದೊಡ್ಡಮ್ಮ: ಹೂಂ. ಅವಳು ಬರೋಳು, ಹೋಗೋಳು. ಇವಳು ಇರೋಳು.

ನಾನು: ಅದೇ ನನ್ನ ಪ್ರಶ್ನೆ. ಕಳಸಕ್ಕೆ ಬಂದು ಹೋಗಬಲ್ಲಳು, ಗೌರಿ ಹಬ್ಬದಲ್ಲಿ ಅರಿಶಿನದ ಮುದ್ದೆಗೂ ಬರಬಲ್ಲಳು. ಹಾಗಿದ್ದ ಮೇಲೆ ಈ ಒಂದು ತುಂಡು ಲೋಹವೇ ಯಾಕೆ ಬೇಕು?

ಇಲ್ಲಿ ಮೇಷ್ಟ್ರು ಲೋಟ ಕೆಳಗಿಟ್ಟರು. ಅವರು ಈ ಮಾತಿಗೆ ಕಾಯುತ್ತಿದ್ದರು ಅಂತ ನನಗೆ ಆಮೇಲೆ ಹೊಳೆಯಿತು.

ಮೇಷ್ಟ್ರು: ಬಸವಣ್ಣನವರ ಕಾಲದಿಂದ ಈ ಪ್ರಶ್ನೆ ಇದೆಯಪ್ಪ. ಕಾಸಿಗೆ ಕಷ್ಟವಾದಾಗ ಮಾರಿಕೊಳ್ಳೋದು, ಭಯವಾದಾಗ ನೆಲದಲ್ಲಿ ಮುಚ್ಚಿಡೋದು, ಇಂಥದ್ದನ್ನ ದೇವರು ಅಂತ ಹೇಗೆ ಒಪ್ಪಲಿ ಅನ್ನೋದು ಅವರ ಆಕ್ಷೇಪ. ಅದು ಸುಮ್ಮನೆ ಆಡಿದ ಮಾತಲ್ಲ. ದಂಡು ಬಂತು ಅಂದರೆ ಲೋಹದ ಉತ್ಸವಮೂರ್ತಿಗಳನ್ನ ನೆಲದಲ್ಲಿ ಹೂಳುತ್ತಿದ್ದರು. ತಮಿಳುನಾಡಿನಲ್ಲಿ ಪಾಯ ತೋಡುವಾಗ, ಹೊಲ ಉಳುವಾಗ ಹಳೆಯ ಕಂಚಿನ ಮೂರ್ತಿಗಳು ಇವತ್ತಿಗೂ ಸಿಗ್ತವೆ. ಲೋಹಕ್ಕೆ ಬೆಲೆ ಇದೆ, ಹಾಗಾಗಿ ಅದಕ್ಕೆ ಕಳ್ಳನೂ ಇದಾನೆ, ಸಾಹುಕಾರನೂ ಇದಾನೆ. ಕಲ್ಲಿನ ದೇವರಿಗೆ ಈ ಅಪಾಯ ಇಷ್ಟಿಲ್ಲ.

ದೊಡ್ಡಮ್ಮ: ಮಾರಿಲ್ಲ. ಆದ್ರೆ ಒತ್ತೆ ಇಟ್ಟಿದ್ದೆ.

ನಾವು ಮೂವರೂ ಅವಳ ಕಡೆ ತಿರುಗಿದೆವು. ಈ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದು ನಾನು ಕೇಳಿರಲಿಲ್ಲ.

ದೊಡ್ಡಮ್ಮ: 72ರ ಬರ. ಕೆರೆ ಅಂಗಳದಲ್ಲಿ ಕಾಲಿಟ್ರೆ ಧೂಳು. ರಾಗಿ ಒಂದು ಪಲ್ಲ ಆಗಿರಲಿಲ್ಲ. ಮೊದಲು ಕೊಳದಪ್ಪಲೆ ಹೋಯ್ತು, ಆಮೇಲೆ ಹಂಡೆ, ಗಂಗಾಳ. ಕಡೆಗೆ ನಿಮ್ಮ ಅಜ್ಜಿ ಕಣ್ಣಲ್ಲಿ ನೀರು ಹಾಕ್ಕೊಂಡು ಇವಳನ್ನ ಸೆರಗಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಲು. ಗಂಡಸರಿಗೆ ನಾಚಿಕೆ, ಹೋಗಲ್ಲ ಅಂದ್ರು. ನಾನೇ ತಗೊಂಡು ಹೋದೆ. ಎಂಟು ತಿಂಗಳು ಇವಳು ಸಾಹುಕಾರರ ಅಟ್ಟದ ಮೇಲಿದ್ಲು, ಕೊಳದಪ್ಪಲೆಗಳ ಮಧ್ಯೆ.

ನಾನು: ಎಂಟು ತಿಂಗಳು ಪೂಜೆ?

ದೊಡ್ಡಮ್ಮ: ನಿಲ್ಲಿಸಲಿಲ್ಲ. ಅವಳು ಕೂರ್ತಿದ್ದ ಜಾಗ ಸಾರಿಸಿ ರಂಗೋಲಿ ಬಿಟ್ಟು ದೀಪ ಹಚ್ತಿದ್ವಿ. ಹೂವು ಬರೀ ನೆಲಕ್ಕೇ ಇಡ್ತಿದ್ವಿ.

ನಾನು: ಅಂದ್ರೆ ವಿಗ್ರಹ ಇಲ್ದೇನೂ ಪೂಜೆ ನಡೀತು. ನೋಡು, ನೀನೇ ಒಪ್ಕೊಂಡೆ. ಹಾಗಿದ್ರೆ ಬಡ್ಡಿ ಕಟ್ಟಿ ಯಾಕೆ ಬಿಡಿಸ್ಕೊಂಡು ಬಂದ್ರಿ? ಆ ದುಡ್ಡಿಗೆ ಎರಡು ಪಲ್ಲ ರಾಗಿ ಬರ್ತಿತ್ತು.

ದೊಡ್ಡಮ್ಮ: ಮಗಳು ತವರಿಗೆ ಬರೋದು ನಿಂತ್ರೆ ತಾಯಿಗೆ ಅವಳ ಮೇಲೆ ಪ್ರೀತಿ ನಿಲ್ತದಾ?

ನಾನು: ಇಲ್ಲ.

ದೊಡ್ಡಮ್ಮ: ಪ್ರೀತಿ ನಿಲ್ಲಲ್ಲ ಅಂತ ಮಗಳು ಬರ್ದೇ ಇರ್ಬೇಕಾ?

ನಾನು ಸುಮ್ಮನಾದೆ. ನಿರಾಕಾರವೋ ಸಾಕಾರವೋ ಎಂಬ ವಾದವನ್ನು ನಾನು ಪುಸ್ತಕಗಳಲ್ಲಿ ಸಾಕಷ್ಟು ಓದಿದ್ದೇನೆ. ಆ ಎರಡು ಪ್ರಶ್ನೆಗಳಿಗೆ ಸಮನಾದ ಉತ್ತರ ನನಗೆ ಅವುಗಳಲ್ಲಿ ಸಿಕ್ಕಿಲ್ಲ. ದೇವಿ ಎಲ್ಲೆಲ್ಲೂ ಇದ್ದಾಳೆ ಎಂಬುದನ್ನು ದೊಡ್ಡಮ್ಮ ಅಲ್ಲಗಳೆಯುವುದೇ ಇಲ್ಲ. ಎಲ್ಲೆಲ್ಲೂ ಇರುವವಳಿಗೆ ಸ್ನಾನ ಮಾಡಿಸಲು ಆಗುವುದಿಲ್ಲ, ಅಷ್ಟೆ.

ಮೇಷ್ಟ್ರು: ಅಕ್ಕ, ನೀವು ಹೇಳಿದ್ದರಲ್ಲಿ ಇನ್ನೊಂದು ಸತ್ಯ ಇದೆ. ಗೊರವನಹಳ್ಳಿ ಮಹಾಲಕ್ಷ್ಮಿ ಕಲ್ಲು. ಬಹಳ ಕಾಲ ಪೂಜೆ ಇಲ್ಲದೆ ಇದ್ದಳು, ಆಮೇಲೆ ಕಮಲಮ್ಮನವರು ಬಂದು ದೀಪ ಹಚ್ಚಿದರು, ಈಗ ಜನಸಾಗರ. ಆದರೂ ನಾವೇ ಅಲ್ಲಿಗೆ ಹೋಗಬೇಕು. ಕಲ್ಲು ಕೂತಿರ್ತದೆ. ಲೋಹ ಹೊರಡ್ತದೆ. ಗುಡಿಯಲ್ಲಿ ಮೂಲದೇವರು ಕಲ್ಲಿದ್ದರೂ ತೇರಿಗೆ ಬರೋದು ಉತ್ಸವಮೂರ್ತಿ. ಗರ್ಭಗುಡಿಗೆ ಹೋಗಲಾರದ ಮುದುಕಿ, ಬಾಣಂತಿ, ಹಿಂದಿನ ಕಾಲದಲ್ಲಿ ಗುಡಿಯೊಳಗೆ ಬಿಡದ ಜನ, ಅವರಿಗೆಲ್ಲ ದೇವರ ಮುಖ ಸಿಕ್ಕಿದ್ದು ಬೀದಿಗೆ ಬಂದ ಲೋಹದಿಂದ.

ಆಚಾರ್ರು: ನಮ್ಮ ಮಾರಮ್ಮನಿಗೂ ಹಾಗೇ ಸ್ವಾಮಿ. ಎಷ್ಟೋ ಕಡೆ ಗುಡಿ ಒಳಗಿರೋದು ಬರೀ ಗುಂಡುಕಲ್ಲು, ಮುಖ ಇಲ್ಲ. ಹಬ್ಬದ ದಿನ ಹಿತ್ತಾಳೆ ಮುಖವಾಡ ಕಟ್ಟಿ ಸೀರೆ ಉಡಿಸಿ ಅಡ್ಡೆ ಮೇಲೆ ಹೊರಡಿಸ್ತಾರೆ. ಹಬ್ಬ ಮುಗೀತು, ಮುಖ ಪೆಟ್ಟಿಗೆಗೆ. ಯಾರಿಗೂ ದೇವಿ ಮುಖ ಕಳ್ಕೊಂಡಳು ಅನ್ನಿಸಲ್ಲ.

ಮೇಷ್ಟ್ರು: ಅಲ್ಲಿ ಮುಖ ಬರ್ತದೆ, ಹೋಗ್ತದೆ. ಇಲ್ಲಿ ಮುಖ ಇತ್ತು, ನಿಧಾನವಾಗಿ ಹೋಯಿತು. ನಾನು ದಿನಾ ಅಂಗೈಯಲ್ಲಿ ಇಟ್ಟುಕೊಂಡು ನೋಡೋ ಲಿಂಗಕ್ಕೆ ಮೊದಲಿಂದ ಮುಖವೇ ಇಲ್ಲ. ಗುರು ಕೊಟ್ಟಾಗಲೂ ಇರಲಿಲ್ಲ. ಕಪ್ಪು ಕಂತಿಯ ಮೇಲೆ ಬೆಳಕಿನ ಒಂದು ಚುಕ್ಕಿ ನಿಲ್ತದೆ, ಅದನ್ನೇ ದೃಷ್ಟಿಯಿಟ್ಟು ನೋಡೋದು. ಇವತ್ತು ಈ ಲಕ್ಷ್ಮೀನ ನೋಡಿದಾಗ ನನಗನ್ನಿಸಿದ್ದು ಹೇಳಲಾ ಅಕ್ಕ? ನಿಮ್ಮ ಮನೆಯ ಹೆಂಗಸರು ಉಜ್ಜೀ ಉಜ್ಜೀ ಇವಳನ್ನ ಲಿಂಗದ ಹತ್ತಿರಕ್ಕೆ ತಂದುಬಿಟ್ಟಿದೀರಿ. ಈ ಬೆಟ್ಟದಲ್ಲೇ ಶಿಂಷಾ ಹುಟ್ಟಿ ತೆಂಕಣಕ್ಕೆ ಕಾವೇರಿಗೆ ಹೋಗ್ತದೆ, ಜಯಮಂಗಲಿ ಹುಟ್ಟಿ ಬಡಗಣಕ್ಕೆ ಪಿನಾಕಿನಿಗೆ ಹೋಗ್ತದೆ. ನಮ್ಮ ದಾರಿ, ನಿಮ್ಮ ದಾರಿ ಬೇರೆ ಅಂದುಕೊಂಡೇ ನಾನು ಇಷ್ಟು ವರ್ಷ ಈ ಜಗಲಿ ಮೇಲೆ ಕಾಫಿ ಕುಡಿದಿದೀನಿ.

ದೊಡ್ಡಮ್ಮ: ಹಂಗೆಲ್ಲ ನಂಗೊತ್ತಿಲ್ಲ ಮೇಷ್ಟ್ರೇ. ಆದ್ರೆ ಒಂದು ಕೇಳ್ತೀನಿ. ನಿಮ್ಮ ಲಿಂಗ ನಿಮ್ಮ ಮಗನಿಗೆ ಹೋಗ್ತದಾ?

ಮೇಷ್ಟ್ರು: ಇಲ್ಲ. ಅವನಿಗೆ ಅವನ ಗುರು ಕೊಟ್ಟದ್ದು ಇದೆ. ನನ್ನದು ನನ್ನ ದೇಹದ ಜೊತೆ ಮಣ್ಣಿಗೆ.

ದೊಡ್ಡಮ್ಮ: ಇವಳು ನಂಗೆ ನಮ್ಮತ್ತೆಯಿಂದ ಬಂದೋಳು. ಅವರಿಗೆ ಅವರತ್ತೆ ಉಜ್ಜೋದು ಹೇಳ್ಕೊಟ್ಟಿದ್ರು, ಮುಖಕ್ಕೆ ನಾರು ಹಾಕ್ಬ್ಯಾಡ, ಬಟ್ಟೇಲಿ ಒರೆಸು ಅಂತ. ನಾನು ಬಂದ ಹೊಸದರಲ್ಲಿ ಜ್ಞಾನ ಇರಲಿಲ್ಲ, ನಾರಲ್ಲೇ ಉಜ್ಜಿಬಿಟ್ಟೆ. ಈ ಮೂಗು ಹೋಗಿದ್ದು ನನ್ನ ಕೈಲೇ. ನಮ್ಮತ್ತೆ ಬೈಯ್ಲಿಲ್ಲ. ನೀನು ಬಂದೆ ಅಂತ ಅವಳಿಗೆ ಗೊತ್ತಾಗ್ಲಿ ಬಿಡು ಅಂದ್ರು.

ಆಚಾರ್ರು ಅಷ್ಟು ಹೊತ್ತೂ ವಿಗ್ರಹವನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಈಗ ಎದ್ದು ಬಂದು ಬಿಸಿಲಿಗೆ ಅಡ್ಡಲಾಗಿ ಅದನ್ನು ಓರೆ ಮಾಡಿದರು.

ಆಚಾರ್ರು: ಇಲ್ಲಿ ಬನ್ನಿ ಸ್ವಾಮಿ. ನೇರ ನೋಡಬೇಡಿ, ಪಕ್ಕದಿಂದ ನೋಡಿ. ಎಡಗಣ್ಣು.

ನೋಡಿದೆ. ನುಣುಪಾದ ಕೆನ್ನೆಯ ಮೇಲ್ಗಡೆ, ಉಗುರಿನ ಅಂಚಿನಷ್ಟು ಉದ್ದದ ಒಂದು ಬಾಗಿದ ಗೆರೆ. ಬೆಳಕು ಅದರ ಮೇಲೆ ಹರಿದಾಗ ಮಾತ್ರ ಕಂಡಿತು. ಕೈ ಸ್ವಲ್ಪ ತಿರುಗಿದರೆ ಇಲ್ಲ.

ಆಚಾರ್ರು: ಉಬ್ಬಿದ್ದು ಮೊದಲು ಸವೀತದೆ, ಕೊರೆದದ್ದು ಕಡೆಗೆ. ಮೂಗು ಉಬ್ಬು, ಕಣ್ಣು ಕೊರೆತ. ನಾವು ಕಣ್ಣು ತೆರೆಯೋದು ಎಲ್ಲಕ್ಕಿಂತ ಕಡೆಗೆ, ಅದಕ್ಕೆ ಬೇರೆ ಶಾಸ್ತ್ರವೇ ಇದೆ. ಕಡೆಗೆ ಬಂದದ್ದು ಕಡೆಗೇ ಹೋಗೋದು.

ದೊಡ್ಡಮ್ಮ: ನಂಗೆ ದಿನಾ ಕಾಣ್ತದೆ. ದೀಪ ಎಡಗಡೆ ಇಟ್ರೆ ಕಾಣ್ತದೆ.

ಇಷ್ಟು ವರ್ಷ ಆ ಮನೆಯಲ್ಲಿ ದೀಪ ಎಡಗಡೆಗೇ ಯಾಕಿರುತ್ತಿತ್ತು ಎಂದು ನಾನು ಕೇಳಿದವನಲ್ಲ.

ನಾನು: ಆಚಾರ್ರೇ, ಹಾಗಿದ್ರೆ ಕಣ್ಣು ಮೂಗು ಮತ್ತೆ ತಿದ್ದಬಹುದಾ? ಅಥವಾ ಕರಗಿಸಿ ಇದೇ ಲೋಹದಲ್ಲಿ ಹೊಸ ದೇವಿ ಹೊಯ್ಯಬಹುದಾ? ಆಗ ದೇವಿಯೂ ಅವಳೇ, ಮುಖವೂ ಇರ್ತದೆ.

ಆಚಾರ್ರು: ಎರಡೂ ಆಗ್ತದೆ. ಗುಡಿಗಳಲ್ಲಿ ಮಾಡ್ತೀವಿ. ಕೈ ಮುರಿದರೆ, ಬಿರುಕು ಬಿಟ್ಟರೆ ಅದು ಭಿನ್ನ, ಪೂಜೆಗೆ ಬರಲ್ಲ. ದೇವಿಯ ಕಳೆಯನ್ನ ಕಳಸಕ್ಕೆ ಇಳಿಸಿ, ಲೋಹ ಕರಗಿಸಿ ಮತ್ತೆ ಹೊಯ್ದು, ಮತ್ತೆ ಪ್ರತಿಷ್ಠೆ. ಆದರೆ ಸವೆದದ್ದು ಭಿನ್ನ ಅಲ್ಲ ಸ್ವಾಮಿ. ಮುರಿಯೋದು ಅಲಕ್ಷ್ಯದಿಂದ, ಸವೆಯೋದು ಸೇವೆಯಿಂದ. ಇನ್ನೊಂದು ಗುಟ್ಟು ಹೇಳ್ತೀನಿ. ಕುಲುಮೆಯಲ್ಲಿ ಹಿತ್ತಾಳೆ ಕರಗುವಾಗ ಸತು ಬಿಳೀ ಹೊಗೆಯಾಗಿ ಹಾರ್ತದೆ. ಪ್ರತಿ ಸಲ ಒಂದಿಷ್ಟು ಹೋಗ್ತದೆ, ಲೋಹ ಕೆಂಪಗಾಗ್ತದೆ. ಇದೇ ಲೋಹ ಅಂತ ನೀವಂದರೂ ಮೂಸೆಯಿಂದ ಬರೋದು ಪೂರ್ತಿ ಇದೇ ಅಲ್ಲ. ಇವಳನ್ನ ಕರಗಿಸಿ ಅಂತ ನೀವು ದುಡ್ಡು ಕೊಟ್ಟರೂ ನನ್ನ ಕೈ ಏಳಲ್ಲ.

ಮೇಷ್ಟ್ರಿಗೆ ಏನೋ ನೆನಪಾಯಿತು. ಅಜ್ಜನ ಲೆಕ್ಕದ ಪುಸ್ತಕ ಇದೆಯಲ್ಲ ಅಂದರು. ಅಟ್ಟದ ಪೆಟ್ಟಿಗೆಯಲ್ಲಿ, ಪಹಣಿ ಕಾಗದಗಳ ಕೆಳಗೆ, ಕೆಂಪು ಬಟ್ಟೆಯ ರಟ್ಟಿನ ಪುಸ್ತಕ ಸಿಕ್ಕಿತು. 1951ರ ಪುಟದಲ್ಲಿ, ಎತ್ತಿನ ಜೋಡಿ ಮತ್ತು ಬಾವಿಯ ಕಲ್ಲಿನ ಖರ್ಚಿನ ಮಧ್ಯೆ, ಒಂದು ಸಾಲು: ಲಕ್ಷ್ಮೀ ವಿಗ್ರಹ, ಹಿತ್ತಾಳೆ, ತೊಲ 120, ನಾಗಮಂಗಲ.

ಆಚಾರ್ರು ಆ ಸಾಲನ್ನು ಬೆರಳಿಟ್ಟು ಓದಿದರು. ಏನೂ ಹೇಳಲಿಲ್ಲ, ಪುಸ್ತಕ ಕಣ್ಣಿಗೊತ್ತಿಕೊಂಡರು.

ಮೇಷ್ಟ್ರು: ತೊಲಕ್ಕೆ ಹನ್ನೊಂದೂಮುಕ್ಕಾಲು ಗ್ರಾಮಿಗೆ ಚೂರು ಕಡಿಮೆ. 120 ತೊಲ ಅಂದರೆ ಹೆಚ್ಚುಕಡಿಮೆ 1,400 ಗ್ರಾಂ. ಈಗೆಷ್ಟಿದೆ ನೋಡೋಣ.

ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ತಂದು ಒರೆಸಿ, ಅದರ ಮೇಲೆ ವೀಳ್ಯದೆಲೆ ಹಾಸಿ, ಎಲೆಯ ತೂಕ ಕಳೆದು, ದೊಡ್ಡಮ್ಮನ ಅನುಮತಿ ಕೇಳಿ ಇಟ್ಟೆ. 1,362 ಗ್ರಾಂ.

ನಾನು: ಮೂವತ್ತೆಂಟು ಗ್ರಾಂ ಕಡಿಮೆ. ಮೂರು ತೊಲಕ್ಕೂ ಜಾಸ್ತಿ. ಆ ಮೂರು ತೊಲ ದೇವಿ ಎಲ್ಲಿ ಹೋದಳು?

ನಾನು ಇದನ್ನು ವಾದಕ್ಕೆಂದು ಕೇಳಿದ್ದೆ. ದೊಡ್ಡಮ್ಮ ಅದನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡಳು. ಪಕ್ಕದ ಬಟ್ಟಲಲ್ಲಿದ್ದ ಕಪ್ಪು ಹುಣಸೆ ನೀರನ್ನು ಎತ್ತಿ ತೋರಿಸಿದಳು.

ದೊಡ್ಡಮ್ಮ: ಈ ನೀರು ಯಾವತ್ತೂ ಚರಂಡಿಗೆ ಹಾಕಿಲ್ಲ ಕಣಪ್ಪ. ನಮ್ಮತ್ತೆ ಕಾಲದಿಂದಲೂ ಆ ದಾಸವಾಳದ ಬುಡಕ್ಕೆ.

ಗೋಡೆಯ ಮೂಲೆಯಲ್ಲಿ ಆಳೆತ್ತರ ಮೀರಿದ ದಾಸವಾಳ. ಕೆಂಪು, ಒಂಟಿ ಎಸಳಿನದು. ಅದರ ಹೂವೇ ಬೆಳಿಗ್ಗೆ ಲಕ್ಷ್ಮಿಗೆ ಏರುವುದು.

ಮೇಷ್ಟ್ರು: ತೋಟಕ್ಕೆ ಜಿಂಕ್ ಸಲ್ಫೇಟ್ ಹಾಕು ಅಂತ ಕೃಷಿ ಇಲಾಖೆಯವರು ಹೇಳ್ತಾರಲ್ಲ, ಅದು ಸತುವೇ. ಅಡಿಕೆಗೆ ಬೋರ್ಡೋ ದ್ರಾವಣ ಹೊಡಿಯೋಕೆ ಮೈಲುತುತ್ತ ತರ್ತೀವಿ, ಅದು ತಾಮ್ರ. ಗಿಡಕ್ಕೆ ಎರಡೂ ಬೇಕು, ಚಿಟಿಕೆಯಷ್ಟು.

ನಾನು: ಅಂದ್ರೆ ಅವಳು ಮಣ್ಣಿಗಿಳಿದು, ಬೇರಿನಿಂದ ಹತ್ತಿ, ಹೂವಾಗಿ ಅವಳ ಪಾದಕ್ಕೇ ಬರ್ತಿದಾಳೆ ಅಂತೀರಾ?

ಮೇಷ್ಟ್ರು: ನಾನು ಏನೂ ಅನ್ನಲ್ಲ. ಲೆಕ್ಕ ಹೇಳಿದೆ ಅಷ್ಟೆ.

ದೊಡ್ಡಮ್ಮ ಲಕ್ಷ್ಮಿಯನ್ನು ವಾಪಸ್ಸು ತೆಗೆದುಕೊಂಡಳು. ಈಗ ನಾರು ಬಿಟ್ಟು ಹಳೇ ಸೀರೆಯ ಮೆತ್ತನೆ ಚೂರು ಹಿಡಿದಳು. ಮುಖದ ಮೇಲೆ ಬಹಳ ಹೊತ್ತು ಒತ್ತದೆ ಒರೆಸಿದಳು. ನಾನು ಕೂತು ನೋಡಿದೆ. ಅಂಗಡಿಯವನ ಲೆಕ್ಕದಲ್ಲಿ ಇದು 1,362 ಗ್ರಾಂ ಹಳೇ ಹಿತ್ತಾಳೆ. ಅಜ್ಜನ ಲೆಕ್ಕದಲ್ಲಿ 120 ತೊಲ. ಕಾಣೆಯಾದ ಆ ಮೂವತ್ತೆಂಟು ಗ್ರಾಂ ಮೂರು ತಲೆಮಾರಿನ ಸೊಸೆಯಂದಿರ ಕೈಯಿಂದ ಹೋದದ್ದು. ಬೇರೆ ಬೇರೆ ಊರುಗಳಿಂದ ಈ ಮನೆಗೆ ಬಂದು, ಶುಕ್ರವಾರಕ್ಕೊಂದು ಸಲ ಈ ಮುಖ ತೊಳೆದವರು. ಅವರಲ್ಲಿ ಯಾರದೂ ಒಂದು ಫೋಟೋ ಕೂಡ ಮನೆಯಲ್ಲಿಲ್ಲ, ದೊಡ್ಡಮ್ಮನದೊಂದು ಬಿಟ್ಟರೆ. ಅವರು ಇದ್ದರು ಎಂಬುದಕ್ಕೆ ಇರುವ ಗುರುತು ಈ ಸವೆತವೇ. ಅದನ್ನು ತಿದ್ದಿಸಿ ಹೊಸ ಮೂಗು ಕೊರೆಸಿದರೆ ಅಳಿಸಿಹೋಗುವುದು ಅವರು.

ನಾನು: ಸರಿ ದೊಡ್ಡಮ್ಮ. ಇವಳು ಎಲ್ಲೂ ಹೋಗಲ್ಲ. ಆದ್ರೆ ನಾನು ತಂದಿರೋ ಈ ಹೊಸಬಳನ್ನ ಏನು ಮಾಡ್ಲಿ? ವಾಪಸ್ ಕೊಡ್ಲಾ?

ದೊಡ್ಡಮ್ಮ: ಮನೆ ಬಾಗಿಲಿಗೆ ಬಂದ ಲಕ್ಷ್ಮೀನ ವಾಪಸ್ ಕಳಿಸ್ತಾರಾ? ನಾಳೆ ಇವಳ ಪಕ್ಕ ಕೂರಿಸ್ತೀನಿ. ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿ, ಭಾನುವಾರ ನಿನ್ನ ಜೊತೆ ಬೆಂಗಳೂರಿಗೆ ಕಳಿಸ್ತೀನಿ.

ನಾನು: ಅಲ್ಲಿ ಯಾರು ಉಜ್ತಾರೆ? ಇಬ್ಬರೂ ಕೆಲಸಕ್ಕೆ ಹೋಗೋರು.

ದೊಡ್ಡಮ್ಮ: ನೀನೇ ಉಜ್ಜು. ಸೊಸೆಯೇ ಉಜ್ಜಬೇಕು ಅಂತ ಅವಳು ಹೇಳಿದಾಳಾ? ಹುಣಸೆಹಣ್ಣು ನಾನು ಕಟ್ಟಿಕೊಡ್ತೀನಿ. ಮುಖಕ್ಕೆ ಮಾತ್ರ ನಾರು ಹಾಕ್ಬ್ಯಾಡ.

ಆಚಾರ್ರು: ಆ ಕೂಡುಗೆರೆ ಸ್ವಲ್ಪ ಒರಟಾಗಿದೆ. ಕೊಡಿ, ನನ್ನ ಚೀಲದಲ್ಲಿ ಅರ ಇದೆ, ಉಜ್ಜಿಕೊಡ್ತೀನಿ. ಬಟ್ಟೆ ಸಿಕ್ಕಿಕೊಳ್ಳಬಾರದು.

ಅವರು ಜಗಲಿಯ ಮೇಲೇ ಕೂತು, ಯಾರೋ ದೂರದೂರಿನ ಎರಕದವರು ಬಿಟ್ಟ ಗೆರೆಯನ್ನು ಕಾಲು ಗಂಟೆ ಸವೆಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಸಂಜೆಯ ಬಸ್ಸಿಗೆ ಅವರು ಹೊರಟ ಮೇಲೆ ದೊಡ್ಡಮ್ಮ ಕೆಂಪು ರಟ್ಟಿನ ಪುಸ್ತಕ ನನ್ನ ಮುಂದಿಟ್ಟು ಪೆನ್ನು ಕೊಟ್ಟಳು. ಹೊಸ ಲಕ್ಷ್ಮಿಯನ್ನೂ ವೀಳ್ಯದೆಲೆಯ ಮೇಲಿಟ್ಟು ತೂಗಿದೆವು. ಅಜ್ಜನ ಸಾಲಿನ ಕೆಳಗೆ ಜಾಗ ಇರಲಿಲ್ಲ, ಪುಟದ ಅಂಚಿನಲ್ಲಿ ಬರೆದೆ: ಲಕ್ಷ್ಮೀ ವಿಗ್ರಹ, ಹಿತ್ತಾಳೆ, 1 ಕಿಲೋ 85 ಗ್ರಾಂ, ಬೆಂಗಳೂರು.